ಕಪ್ಪು ಬಟ್ಟೆಯ ಮೇಲೊಂದು ನೀಹಾರಿಕೆ

ನೀಹಾರಿಕೆಯನ್ನು, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡವನ್ನು, ಬಟ್ಟೆಗಿಳಿಸಲು ಬಣ್ಣ ಹಚ್ಚುವುದಕ್ಕಿಂತ ಬಣ್ಣ ತೆಗೆಯುವುದು ಸುಲಭ. ಬ್ಲೀಚ್ ಬಿದ್ದ ಕಪ್ಪು ಹತ್ತಿ ಸಾಮಾನ್ಯವಾಗಿ ಮೊದಲು ಕಂದಾಗಿ, ಆಮೇಲೆ ಕಿತ್ತಳೆಗೆ ತಿರುಗುತ್ತದೆ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕದಿಂದ ಬಂದ ಕರೀನಾ ನೀಹಾರಿಕೆಯ ಚಿತ್ರದಲ್ಲಿ ಧೂಳಿನ ದಿಬ್ಬಗಳಿಗಿರುವುದೂ ಹೆಚ್ಚುಕಡಿಮೆ ಅದೇ ಬಣ್ಣ.

ಬಟ್ಟೆ ಅಪ್ಪಟ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಬಣ್ಣ ಬಿಡುವುದಿಲ್ಲ. ರೇಷ್ಮೆ, ಉಣ್ಣೆಯನ್ನು ಬ್ಲೀಚ್ ತಿಂದುಹಾಕುತ್ತದೆ. ಹತ್ತಿಯಲ್ಲೂ ಕೆಲವು ಕಪ್ಪು ಜಪ್ಪಯ್ಯ ಅಂದರೂ ಬಿಡವು, ಹಾಗಾಗಿ ಮೊದಲು ಚೂರೊಂದರ ಮೇಲೆ ನೋಡಿ. 40 ಸೆಂ.ಮೀ. ಚೌಕದ ತುಂಡನ್ನು ಒಗೆದು ಗಂಜಿ ತೆಗೆದು, ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಸುಕ್ಕುಸುಕ್ಕಾಗಿ ಹರಡಿ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಕೂತು, ಒಂದು ಪಾಲು ಬ್ಲೀಚಿಗೆ ಎರಡು ಪಾಲು ನೀರು ಬೆರೆಸಿ ಒಂದೇ ಬದಿಯಿಂದ ಓರೆಯಾಗಿ ಸಿಂಪಡಿಸಿ. ಸುಕ್ಕಿನ ಏಣುಗಳು ಬೆಳಗಿ, ಸಂದುಗಳು ಕಪ್ಪಾಗೇ ಉಳಿಯುತ್ತವೆ.

3ರಿಂದ 8 ನಿಮಿಷ ಕಣ್ಣು ತೆಗೆಯಬೇಡಿ. ಒಣಗಿದಾಗ ಬಣ್ಣ ಇನ್ನಷ್ಟು ತಿಳಿಯಾಗುವುದರಿಂದ, ಬೇಕಾದ್ದಕ್ಕಿಂತ ತುಸು ಗಾಢವಿರುವಾಗಲೇ ಧಾರಾಳ ನೀರಿನಲ್ಲಿ ಜಾಲಿಸಿ. ಬಳಿಕ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ 10 ನಿಮಿಷ ನೆನೆಸಿ. ಇದನ್ನು ಬಿಟ್ಟರೆ ಉಳಿದ ಬ್ಲೀಚ್ ನೂಲನ್ನು ತಿನ್ನುತ್ತಲೇ ಇರುತ್ತದೆ. ವಿನೆಗರ್ ಮಾತ್ರ ಬೇಡ: ಬ್ಲೀಚಿಗೆ ಹುಳಿ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ದಿಬ್ಬದ ಮೇಲಿನ ನೀಲಿ ಮಂಜಿಗೆ ನೀರಾಗಿಸಿದ ಫ್ಯಾಬ್ರಿಕ್ ಪೇಂಟ್ ಸಾಕು. ಬಟ್ಟೆ ಪೂರ್ತಿ ಒಣಗಿದ ಮೇಲೆ, ಬಣ್ಣ ಹೋಗಿ ತೀರ ತಿಳಿಯಾದ ಜಾಗಕ್ಕೆ ಮಾತ್ರ ಹಚ್ಚಿ. ಕಡುಕಿತ್ತಳೆಯ ಮೇಲೆ ಹರಿದರೆ ಕೆಸರಿನ ಬಣ್ಣವಾಗುತ್ತದೆ. ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ.

ಆಕಾಶದ ಚುಕ್ಕಿಗಳನ್ನು ಅಂದಾಜಿನಲ್ಲಿ ಹಾಕಿದರೆ ಕೈ ತಾನಾಗಿಯೇ ಸಮದೂರ ಹಿಡಿದು, ಆಕಾಶ ಹೋಗಿ ಚುಕ್ಕಿ ಪ್ರಿಂಟ್ ಆಗುತ್ತದೆ. ಒಂದು ಚಿಟಿಕೆ ಕಲ್ಲುಪ್ಪು ಎರಚಿ, ಹರಳು ಬಿದ್ದಲ್ಲಿ ಬಿಳಿ ಪೆನ್ಸಿಲಿನಿಂದ ಗುರುತಿಟ್ಟು, ಉಪ್ಪು ಕೊಡವಿ. ಹೆಚ್ಚಿನ ಚುಕ್ಕಿಗಳು ಒಂದೆಳೆಯ, ಒಂದೇ ಸುತ್ತಿನ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಕಸೂತಿ ಗಂಟು). ಸೂಜಿ ಮೇಲೆದ್ದ ತೂತಿಗೇ ಮರಳಿ ಇಳಿಸಿದರೆ ಗಂಟು ಹಿಂದಕ್ಕೆ ಜಾರುತ್ತದೆ. ಒಂದೆರಡು ನೂಲಿನಾಚೆ ಇಳಿಸಿ. ಹಿಂಬದಿಯಲ್ಲಿ ದಾರವನ್ನು 2 ಸೆಂ.ಮೀ.ಗಿಂತ ದೂರ ಎಳೆದೊಯ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ.

ಕಿರಣವಿರುವ ದೊಡ್ಡ ಚುಕ್ಕಿ ಮೂರೋ ನಾಲ್ಕೋ ಇದ್ದರೆ ಸಾಕು. ವೆಬ್ ಚಿತ್ರದ ಚುಕ್ಕಿಗೆ ಆರು ಉದ್ದ, ಎರಡು ಗಿಡ್ಡ ಕಿರಣ. ಹಬಲ್ ದೂರದರ್ಶಕದ ಚಿತ್ರದ್ದಕ್ಕೆ ನಾಲ್ಕೇ. ಇವು ದೂರದರ್ಶಕದ ಕನ್ನಡಿ ಮತ್ತು ಆಧಾರಕಂಬಿಗಳಿಂದ ಮೂಡುವಂಥವು, ಆದ್ದರಿಂದ ಒಂದು ಚಿತ್ರದ ಎಲ್ಲ ಚುಕ್ಕಿಗಳಲ್ಲೂ ಕಿರಣಗಳ ದಿಕ್ಕು ಒಂದೇ. ರಟ್ಟಿನ ಅಚ್ಚು ಕತ್ತರಿಸಿಕೊಂಡು, ಅದನ್ನು ತಿರುಗಿಸದೆ ಗುರುತು ಹಾಕಿ.