ಬಿಲ್ಲೆಗೆ ತಿಳಿಯುವುದು ಅಂಗಾಲು ಮಾತ್ರ

ಲ್ಯಾಬಿನಲ್ಲಿ ಜೀವಕೋಶಗಳನ್ನು ಅಳೆಯಲು ನಾನು ಬಳಸುತ್ತಿದ್ದದ್ದು ಕ್ವಾರ್ಟ್ಜ್ ಬಿಲ್ಲೆ. ಹಳೆಯ ರೂಪಾಯಿ ನಾಣ್ಯದಷ್ಟು ದೊಡ್ಡದು, ಎರಡೂ ಕಡೆ ಚಿನ್ನದ ತೆಳು ಲೇಪ. ಕರೆಂಟ್ ಕೊಟ್ಟರೆ ಸೆಕೆಂಡಿಗೆ 50 ಲಕ್ಷ ಸಲ ಅಡ್ಡಡ್ಡ ನಡುಗುತ್ತದೆ, ಅಂದರೆ 5 ಮೆಗಾಹರ್ಟ್ಜ್. ಮೇಲೆ ಏನಾದರೂ ಅಂಟಿದರೆ ಆ ನಡುಕ ನಿಧಾನವಾಗುತ್ತದೆ. ಎಷ್ಟು ಇಳಿದರೆ ಎಷ್ಟು ತೂಕ ಎಂಬ ಲೆಕ್ಕವನ್ನು ಜರ್ಮನಿಯ ವಿಜ್ಞಾನಿ ಸೌರ್‌ಬ್ರೇ 1959ರಲ್ಲೇ ಕೊಟ್ಟಿದ್ದಾರೆ. ಚದರ ಸೆಂಟಿಮೀಟರಿಗೆ ಸುಮಾರು 18 ನ್ಯಾನೋಗ್ರಾಂ ಕೂತರೆ 1 ಹರ್ಟ್ಜ್ ಇಳಿಕೆ.

ಇದನ್ನು ನಂಬಿಕೊಂಡು ಬಿಲ್ಲೆಯ ಮೇಲೆ ಜೀವಕೋಶ ಬೆಳೆಸಿ ತೂಗಲು ಹೊರಟೆ. ಲೆಕ್ಕ ತಾಳೆಯಾಗಲೇ ಇಲ್ಲ. ಕೋಶಗಳು ತುಂಬಿಕೊಂಡ ಮೇಲೂ ಇಳಿಕೆ ತೀರಾ ಕಡಿಮೆ. ಕಾರಣ ತಿಳಿದಾಗ ನಗು ಬಂತು. ಆ ಸೂತ್ರ ಗಟ್ಟಿ ಪದರಕ್ಕೆ, ಜೀವಕೋಶ ಮೆತ್ತಗಿನ ಜೆಲ್ಲಿ. ಬಿಲ್ಲೆಯ ನಡುಕವೂ ದ್ರವದೊಳಗೆ 200–250 ನ್ಯಾನೋಮೀಟರ್ ಏರುವಷ್ಟರಲ್ಲೇ ಸೋತುಹೋಗುತ್ತದೆ. ಕೋಶದ ಎತ್ತರ ಕೆಲವು ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್. ಅಂದರೆ ಬಿಲ್ಲೆಗೆ ತಿಳಿಯುವುದು ಕೋಶದ ಅಂಗಾಲು ಮಾತ್ರ! ಅಲ್ಲಿಂದ ತೂಕದ ಆಸೆ ಬಿಟ್ಟೆ. ಅಂಗಾಲು ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನೋಡತೊಡಗಿದೆ. ಅದಕ್ಕೆ ಫ್ರೀಕ್ವೆನ್ಸಿ, ಅಂದರೆ ನಡುಕದ ವೇಗದ ಜೊತೆ ರೆಸಿಸ್ಟೆನ್ಸನ್ನೂ, ಅಂದರೆ ನಡುಕದ ಶಕ್ತಿ ಎಷ್ಟು ಪೋಲಾಗುತ್ತದೆ ಎಂಬುದನ್ನೂ ಅಳೆಯಬೇಕು.

ಕೋಶ ಅಂತ ಆರಿಸಿದ್ದು ಎಂಡಿಸಿಕೆ, ನಾಯಿಯ ಮೂತ್ರಪಿಂಡದ್ದು. ಗಟ್ಟಿ ಜೀವ, ಬೇಗ ಹಾಸಿಕೊಳ್ಳುತ್ತದೆ. ಆದರೂ ಮೊದಲ ಎರಡು ಬ್ಯಾಚ್ ಸತ್ತವು. ಇನ್‌ಕ್ಯುಬೇಟರಿನಿಂದ ಹೊರಗೆ ಬಂದರೆ ಕಾರ್ಬನ್ ಡೈಆಕ್ಸೈಡ್ ಇಲ್ಲ, ಕೋಶಗಳನ್ನು ಬೆಳೆಸುವ ದ್ರವ, ಅಂದರೆ ಮೀಡಿಯಾ, ಕ್ಷಾರವಾಗಿ ಕೆಂಪಿನಿಂದ ನೇರಳೆಗೆ ತಿರುಗುತ್ತದೆ. ಆಮ್ಲ-ಕ್ಷಾರದ ಸಮತೋಲ ಕಾಯುವ ಹೆಪೆಸ್ ಬಫರ್ ಹಾಕಿದ ಮೇಲೆ ಸರಿಹೋಯಿತು. ಗುಳ್ಳೆಯದು ಇನ್ನೊಂದು ಕಾಟ. ಫ್ರಿಜ್ಜಿನ ಮೀಡಿಯಾ ನೇರ ಬಿಟ್ಟರೆ 37 ಡಿಗ್ರಿಗೆ ಬಿಸಿಯಾಗುವಾಗ ಬಿಲ್ಲೆಯ ಮೇಲೆಯೇ ಗುಳ್ಳೆ ಏಳುತ್ತದೆ, ಗ್ರಾಫ್ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಒಂದು ಡಿಗ್ರಿ ಏರುಪೇರಾದರೂ ಐದಾರು ಹರ್ಟ್ಜ್ ಜಾರುತ್ತದೆ. ಎಸಿಯ ಗಾಳಿ ತಾಗದಂತೆ ಇಡೀ ಸೆಟಪ್ಪನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಕೂರಿಸಿದೆ. ಸುಮ್ನೆ ಹೇಳುತ್ತಿಲ್ಲ, ದುಬಾರಿ ಉಪಕರಣಕ್ಕಿಂತ ಆ ಡಬ್ಬಿಯಿಂದಲೇ ಜಾಸ್ತಿ ಉಪಕಾರವಾಯಿತು.

ಆಮೇಲೆ ಸೈಟೋಕಲಾಸಿನ್ ಡಿ ಹಾಕಿದೆ. ಕೋಶದೊಳಗಿನ ಆಕ್ಟಿನ್ ಎಳೆಗಳನ್ನು, ಅಂದರೆ ಅದರ ಹಂದರವನ್ನೇ, ಕಳಚುವ ವಿಷ ಅದು. ಹಾಕಿದ ತಕ್ಷಣ ಫ್ರೀಕ್ವೆನ್ಸಿ ಧಡಕ್ಕನೆ ಇಳಿಯಿತು. ಗೈಡ್ ಹತ್ತಿರ ಓಡಿದೆ.

"ಮೇಡಂ, ಸಿಗ್ನಲ್ ಬಂತು!"

ಅವರು ಗ್ರಾಫ್ ನೋಡಿ, "ಬರೀ ಡಿಎಂಎಸ್‌ಒ ಹಾಕಿ ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ವಿಷ ಕರಗಿಸಿದ್ದು ಡಿಎಂಎಸ್‌ಒನಲ್ಲಿ. ಅದು ಬೆರೆತರೆ ಮೀಡಿಯಾ ತುಸು ಮಂದವಾಗುತ್ತದೆ, ಬಿಲ್ಲೆ ಅದಕ್ಕೂ ಸ್ಪಂದಿಸುತ್ತದೆ. ಕೋಶವೇ ಇಲ್ಲದ ಬಿಲ್ಲೆಗೆ ಅಷ್ಟೇ ಡಿಎಂಎಸ್‌ಒ ಬಿಟ್ಟೆ. ಅದೇ ಧಡಕ್!

ಮುಂದಿನ ಸಲ ಮೊದಲಿನಿಂದಲೇ ಅಷ್ಟು ಡಿಎಂಎಸ್‌ಒ ಇದ್ದ ಮೀಡಿಯಾ ಹರಿಸಿದೆ, ನಂತರ ವಿಷ. ಈ ಸಲ ಜಿಗಿತವಿಲ್ಲ. ಕೆಲವು ನಿಮಿಷ ಏನೂ ಆಗಲಿಲ್ಲ. ಆಮೇಲೆ ರೆಸಿಸ್ಟೆನ್ಸ್ ಮೆಲ್ಲಗೆ, ಒಂದೇ ಸಮನೆ ಇಳಿಯತೊಡಗಿತು. ವಿಷ ತೊಳೆದು ಹೊಸ ಮೀಡಿಯಾ ಬಿಟ್ಟೆ. ಊಟಕ್ಕೂ ಹೋಗದೆ ಅಲ್ಲೇ ಕೂತೆ. ಗೆರೆ ನಿಧಾನವಾಗಿ ಮತ್ತೆ ಮೇಲೇರಿತು. ಕೋಶಗಳು ಸತ್ತಿರಲಿಲ್ಲ, ಹಂದರ ಮತ್ತೆ ಕಟ್ಟಿಕೊಳ್ಳುತ್ತಿದ್ದವು. ಕೋಶದ ಬದಲು ಆಂಟಿಬಾಡಿ, ಅಂದರೆ ಆ ವಿಷವನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ಅಂಟಿಸಿದ ಸೆನ್ಸರ್ ಆಗಿದ್ದರೆ ವಿಷ ಇದೆ ಅಂತ ಮಾತ್ರ ಹೇಳುತ್ತಿತ್ತು. ಅದು ಕೋಶಕ್ಕೆ ಏನು ಮಾಡಿತು ಅನ್ನುವುದು ಗೊತ್ತಾಗುತ್ತಿರಲಿಲ್ಲ, ಅಲ್ವಾ?