ಕಡಿದ ಮರಕ್ಕೂ ಬಾಯಾರಿಕೆ ಇರುತ್ತದೆ

ಮೊದಲ ವರ್ಷ ನಾನು ತಂದ ಕ್ರಿಸ್‌ಮಸ್ ಮರದ ಬುಡ ಸ್ಟ್ಯಾಂಡಿನ ಬಳೆಗಿಂತ ಒಂದು ಬೆರಳಿನಷ್ಟು ದಪ್ಪ ಇತ್ತು. ಅಡುಗೆಮನೆಯ ಚಾಕು ತಂದು ಪೆನ್ಸಿಲ್ ಚೂಪು ಮಾಡಿದ ಹಾಗೆ ಸುತ್ತಲೂ ತೊಗಟೆ ಹೆರೆದೆ. ಮರ ಸಲೀಸಾಗಿ ಕೂತಿತು. ಸ್ಟ್ಯಾಂಡಿನ ಬಟ್ಟಲು ತುಂಬ ನೀರು ಸುರಿದೆ, ದೀಪದ ಸರ ಸುತ್ತಿದೆ, ಖುಷಿಯಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ ನೀರು ಹಾಕಿದಷ್ಟೇ ಇತ್ತು. ಮರುದಿನವೂ ಅಷ್ಟೇ. ಪರವಾಗಿಲ್ಲ, ಜಾಸ್ತಿ ನೀರು ಕೇಳದ ಮರ ಸಿಕ್ಕಿದೆ ಅಂದುಕೊಂಡೆ! ಹತ್ತನೇ ದಿನ ಒಂದು ಗಾಜಿನ ಗುಂಡು ನೇತುಹಾಕಲು ಕೊಂಬೆ ಹಿಡಿದರೆ ಅಂಗೈ ತುಂಬ ಸೂಜಿಯೆಲೆ. ಹಬ್ಬದ ದಿನ ಮರದ ಕೆಳಗಿನ ಉಡುಗೊರೆಗಳನ್ನು ಒಂದೊಂದಾಗಿ ಕೊಡವಿ ಎತ್ತಿಕೊಳ್ಳಬೇಕಾಯಿತು.

ತಪ್ಪು ಎಲ್ಲಾಯಿತು ಅಂತ ಆಮೇಲೆ ಗೊತ್ತಾಯಿತು. ಮರ ನೀರು ಎಳೆಯುವುದು ಕಾಂಡದ ನಟ್ಟನಡುವಿನಿಂದ ಅಲ್ಲ. ತೊಗಟೆಗೆ ಅಂಟಿಕೊಂಡ ಹಾಗೆ ಇರುವ ಹೊರಸುತ್ತಿನ ಹಸಿ ಮರದಿಂದ. ನಾನು ಹೆರೆದು ಬಿಸಾಕಿದ್ದು ಅದನ್ನೇ. ಬುಡದ ಮಧ್ಯಕ್ಕೆ ಡ್ರಿಲ್‌ನಿಂದ ತೂತು ಹೊಡೆದರೆ ನೀರು ಚೆನ್ನಾಗಿ ಹೀರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೂ ಇದೇ ಕಾರಣಕ್ಕೆ ಉಪಯೋಗವಿಲ್ಲದ ಕೆಲಸ. ಬುಡ ದಪ್ಪವಾದರೆ ದೊಡ್ಡ ಸ್ಟ್ಯಾಂಡ್ ತರಬೇಕು, ಮರವನ್ನು ಕೆತ್ತಬಾರದು. ಅದಕ್ಕೇ ಈಗ ನಾನು ಮೊದಲು ಸ್ಟ್ಯಾಂಡ್ ಅಳೆದುಕೊಂಡು ಆಮೇಲೆ ಮರ ನೋಡಲು ಹೋಗುತ್ತೇನೆ.

ಅಳೆಯಬೇಕಾದ್ದು ಅದೊಂದೇ ಅಲ್ಲ. ಬಯಲಿನಲ್ಲಿ ನಿಂತ ಮರ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಮನೆಯೊಳಗೆ ಬಂದ ಕೂಡಲೇ ಸೂರು ಮುಟ್ಟುತ್ತದೆ. ಸೂರಿನ ಎತ್ತರದಿಂದ ಸ್ಟ್ಯಾಂಡಿನ ಎತ್ತರ ಕಳೆಯಿರಿ. ತುದಿಯ ನಕ್ಷತ್ರಕ್ಕೆ ಇನ್ನೊಂದು 30 ಸೆಂ.ಮೀ. ಬಿಡಿ. ಉಳಿದದ್ದು ಮರದ ಎತ್ತರ. ಅಗಲ ಮರೆಯುವವರೇ ಜಾಸ್ತಿ. ನಾನೂ ಒಂದು ವರ್ಷ ಮರೆತು, ಹಬ್ಬ ಮುಗಿಯುವವರೆಗೆ ಸೋಫಾದ ಒಂದು ತುದಿಯಲ್ಲಿ ಯಾರೂ ಕೂರಲಾಗಲಿಲ್ಲ.

ಯಾವ ಜಾತಿ ಅನ್ನುವುದನ್ನು ಕೈಯೇ ಹೇಳುತ್ತದೆ. ಒಂದು ಸೂಜಿಯೆಲೆ ಕಿತ್ತು ಎರಡು ಬೆರಳ ನಡುವೆ ಹೊರಳಿಸಿ. ಸುಲಭವಾಗಿ ಉರುಳಿದರೆ, ತುದಿ ಚುಚ್ಚಿದರೆ ಸ್ಪ್ರೂಸ್. ಅದರ ಎಲೆಗೆ ನಾಲ್ಕು ಮೂಲೆ ಇರುತ್ತದೆ. ಚಪ್ಪಟೆಯಾಗಿದ್ದು ಉರುಳದಿದ್ದರೆ ಫರ್. ಎರಡೋ ಮೂರೋ ಐದೋ ಎಲೆಗಳು ಒಂದೇ ಕಡೆಯಿಂದ ಗೊಂಚಲಾಗಿ ಹೊರಟಿದ್ದರೆ ಪೈನ್. ಡಗ್ಲಸ್ ಫರ್ ಮಾತ್ರ ಹೆಸರಿನಲ್ಲಿ ಫರ್, ಕುಲದಲ್ಲಿ ಅಲ್ಲ. ಆದರೂ ಎಲೆ ಮೆತ್ತಗಿದೆ, ಮಕ್ಕಳ ಕೈಗೆ ಚುಚ್ಚುವುದಿಲ್ಲ.

ನಾನು ಆರಿಸುವುದು ನಾರ್ಡ್‌ಮನ್ ಫರ್. ಕಾಕಸಸ್ ಸೀಮೆಯ ಮರ ಅದು. ಪರಿಮಳ ಕಮ್ಮಿ, ಆದರೆ ಎಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಫ್ರೇಸರ್ ಫರ್ ಕೂಡ ಹಾಗೇ ಬಾಳಿಕೆ ಬರುವಂಥದ್ದು. ಅದರ ಕೊಂಬೆ ಬಿಗಿ, ಭಾರದ ಅಲಂಕಾರ ಹಾಕಿದರೂ ಬಾಗುವುದಿಲ್ಲ. ಮನೆ ತುಂಬ ಕಾಡಿನ ವಾಸನೆ ಬೇಕು ಅಂದರೆ ಬಾಲ್ಸಮ್ ಫರ್. ನನ್ನ ಮೊದಲ ವರ್ಷದ ಮರ ನಾರ್ವೆ ಸ್ಪ್ರೂಸ್. ನೋಡಲು ಚಿತ್ರದಲ್ಲಿರುವ ಹಾಗೇ ಇರುತ್ತದೆ, ಆದರೆ ಬೆಚ್ಚಗಿನ ಕೋಣೆಯಲ್ಲಿ ಬೇಗ ಉದುರುತ್ತದೆ. 1947ರಿಂದ ನಾರ್ವೆಯವರು ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಕಳಿಸುತ್ತಿರುವುದು ಇದೇ ಜಾತಿಯ ಮರ, ಆದರೆ ಅದು ನಿಲ್ಲುವುದು ಬಯಲಿನ ಚಳಿಯಲ್ಲಿ. ಹೀಟರ್ ಇರುವ ಮನೆಗೆ ಅದನ್ನು ತರುವುದಾದರೆ ಹಬ್ಬಕ್ಕೆ ಒಂದು ವಾರ ಇದ್ದಾಗ ತನ್ನಿ, ಮೊದಲೇ ಬೇಡ.

ಹಸಿಯೋ ಹಳೆಯದೋ ನೋಡುವುದು ಹೇಗೆ? ಕೊಂಬೆಯನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಒಳಗಿನಿಂದ ತುದಿಯ ಕಡೆಗೆ ಕೈ ಜಾರಿಸುತ್ತೇನೆ. ಎಲೆ ಕೈಗೆ ಬರಬಾರದು. ಆಮೇಲೆ ಮರವನ್ನು ಒಂದು ಗೇಣು ಎತ್ತಿ ಬುಡವನ್ನು ನೆಲಕ್ಕೆ ಕುಕ್ಕುತ್ತೇನೆ. ಕಂದು ಎಲೆ ಸ್ವಲ್ಪ ಬಿದ್ದರೆ ಹೆದರಬೇಡಿ. ಅವು ಒಳಗಡೆ ಎಂದೋ ಒಣಗಿ ಸಿಕ್ಕಿಕೊಂಡಿದ್ದ ಹಳೇ ಎಲೆಗಳು. ಹಸಿರೆಲೆ ಸುರಿದರೆ ಮಾತ್ರ ಆ ಮರ ಬೇಡ. ಇನ್ನೊಂದು, ತೂಕ. ಅದೇ ಎತ್ತರದ ಎರಡು ಮರ ಎತ್ತಿ ನೋಡಿ. ಭಾರದ ಮರದಲ್ಲಿ ನೀರು ಇನ್ನೂ ಇದೆ. ಮಾರುವವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ. ಆಳೆತ್ತರದ ಮರ ಬೆಳೆಯಲು ಸಾಮಾನ್ಯವಾಗಿ 7ರಿಂದ 10 ವರ್ಷ ಬೇಕು, ಐದು ನಿಮಿಷ ಎತ್ತಿ ಇಳಿಸಿದರೆ ಏನಾಯಿತು?

ಕಾರಿನ ಮೇಲೆ ಕಟ್ಟುವಾಗ ಬುಡ ಮುಂದಕ್ಕೆ, ತುದಿ ಹಿಂದಕ್ಕೆ. ಹಾಗಿದ್ದರೆ ಗಾಳಿ ಕೊಂಬೆಗಳನ್ನು ಸವರಿಕೊಂಡು ಹೋಗುತ್ತದೆ, ಬಿಡಿಸುವುದಿಲ್ಲ. ದೂರದ ದಾರಿಯಾದರೆ ಮೇಲೊಂದು ಹಳೇ ಬೆಡ್‌ಶೀಟ್ ಸುತ್ತಿ. ಓಟದ ಗಾಳಿಗೇ ಎಲೆ ಒಣಗುತ್ತದೆ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಗರಗಸದ್ದು. ಕಡಿದ ಬಾಯಿಯ ಮೇಲೆ ರಾಳ ಬಂದು ಮುಚ್ಚಿಕೊಂಡಿರುತ್ತದೆ. ಬೆರಳಿಟ್ಟರೆ ಗಾಜಿನ ಹಾಗೆ ನುಣುಪು, ಒಂದಿಷ್ಟು ಅಂಟು. ಅದರ ಮೇಲೆ ಎಷ್ಟು ನೀರು ಹಾಕಿದರೂ ಒಳಗೆ ಹೋಗುವುದಿಲ್ಲ. ಬುಡದಿಂದ ಎರಡು ಮೂರು ಸೆಂ.ಮೀ. ದಪ್ಪದ ಬಿಲ್ಲೆಯೊಂದನ್ನು ನೇರವಾಗಿ ಕೊಯ್ದು ತೆಗೆಯಬೇಕು. ಹೂವಿನ ದಂಟಿನ ಹಾಗೆ ಓರೆಯಾಗಿ ಕೊಯ್ಯಬೇಡಿ. ಓರೆ ಕೊಯ್ದರೆ ಮರ ಸ್ಟ್ಯಾಂಡಿನಲ್ಲಿ ನೆಟ್ಟಗೆ ಕೂರುವುದಿಲ್ಲ, ಜಾಸ್ತಿ ನೀರನ್ನೂ ಕುಡಿಯುವುದಿಲ್ಲ. ಗರಗಸ ಅರ್ಧ ಇಳಿಯುವಷ್ಟರಲ್ಲಿ ಪುಡಿ ಒದ್ದೆಯಾಗಿ ಹಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ. ಪುಡಿ ಒಣಗಿ ಹಾರಿದರೆ ನನಗೆ ಅಲ್ಲೇ ಅನುಮಾನ. ಬಿಲ್ಲೆ ಬಿದ್ದ ಮೇಲೆ ಹೊಸ ಬಾಯಿ ಮುಟ್ಟಿ ನೋಡಿ, ತಣ್ಣಗೆ ತೇವವಾಗಿರುತ್ತದೆ.

ಅಲ್ಲಿಂದ ಗಡಿಯಾರ ಶುರು. 6ರಿಂದ 8 ಗಂಟೆಯೊಳಗೆ ಬುಡ ನೀರಿಗೆ ಇಳಿಯಬೇಕು. ತಡವಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅಂದೇ ನಿಲ್ಲಿಸಲು ಆಗದಿದ್ದರೆ ಬಕೆಟ್ ನೀರಿನಲ್ಲಿಟ್ಟು, ಬಿಸಿಲು ಗಾಳಿ ಬಡಿಯದ ತಂಪು ಜಾಗದಲ್ಲಿ ಒರಗಿಸಿ.

ನಿಲ್ಲಿಸುವುದಕ್ಕೆ ಇಬ್ಬರು ಬೇಕೇ ಬೇಕು. ನಮ್ಮ ಮನೆಯಲ್ಲಿ ನಾನು ಕೆಳಗೆ ಬೋರಲು ಬಿದ್ದು ಸ್ಕ್ರೂ ತಿರುಗಿಸುತ್ತೇನೆ. ಹೆಂಡತಿ ಬಾಗಿಲ ಹತ್ತಿರ ನಿಂತು ನೋಡುತ್ತಾಳೆ, ಮಗಳು ಕಾಂಡ ಹಿಡಿದುಕೊಳ್ಳುತ್ತಾಳೆ.

"ಸ್ವಲ್ಪ ಎಡಕ್ಕೆ ರೀ."

"ಯಾರ ಎಡಕ್ಕೆ ಮಾರಾಯ್ತಿ?"

"ಮರದ ಎಡಕ್ಕೆ!"

ಇದು ಪ್ರತಿ ವರ್ಷದ್ದು. ಎಲ್ಲ ಸ್ಕ್ರೂಗಳನ್ನೂ ಮೊದಲು ಬುಡ ಮುಟ್ಟುವಷ್ಟು ಮಾತ್ರ ತಿರುಗಿಸಿ, ನೆಟ್ಟಗಾದ ಮೇಲೆ ಎದುರು ಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತೇನೆ. ಒಂದನ್ನೇ ಪೂರ್ತಿ ಬಿಗಿದರೆ ಮರ ಆ ಕಡೆಯಿಂದ ವಾಲುತ್ತದೆ. ತರುವಾಗ ಮರಕ್ಕೆ ಸುತ್ತಿದ್ದ ಬಲೆಯನ್ನು ಕತ್ತರಿಸುವುದು ಇದೆಲ್ಲ ಆದ ಮೇಲೆ, ಕೆಳಗಿನಿಂದ ಮೇಲಕ್ಕೆ. ಅಂದೇ ಅಲಂಕಾರ ಮಾಡಬೇಡಿ. ರಾತ್ರಿಯೆಲ್ಲ ಕೊಂಬೆಗಳು ತಾವಾಗಿ ಕೆಳಗಿಳಿದು ಬಿಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಬೇರೆಯೇ ಮರ ಕಾಣುತ್ತದೆ.

ಇನ್ನು ನೀರು. ಕಾಂಡದ ಅಡ್ಡಳತೆ ಎಷ್ಟಿದೆ ನೋಡಿ, ಪ್ರತಿ ಎರಡೂವರೆ ಸೆಂ.ಮೀ.ಗೆ ದಿನಕ್ಕೆ ಸುಮಾರು ಒಂದು ಲೀಟರ್ ಲೆಕ್ಕ ಹಿಡಿಯಿರಿ. ಹತ್ತು ಸೆಂ.ಮೀ. ಬುಡಕ್ಕೆ ನಾಲ್ಕು ಲೀಟರ್ ಹಿಡಿಯುವ ಸ್ಟ್ಯಾಂಡ್ ಬೇಕು. ಸರಿಯಾಗಿ ಕೊಯ್ದ ಮರ ಮೊದಲ ರಾತ್ರಿ ಹೇಗೆ ಕುಡಿಯುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದು ಎರಡನೇ ವರ್ಷ. ಮಲಗುವ ಮುಂಚೆ ಬಟ್ಟಲು ತುಂಬಿಸಿದ್ದೆ. ನಡುರಾತ್ರಿ ಎದ್ದವನು ಮೊಬೈಲ್ ಟಾರ್ಚ್ ಬಿಟ್ಟು ಕೊಂಬೆಯ ಕೆಳಗೆ ಇಣುಕಿದೆ. ನೀರು ಮೂರು ಬೆರಳು ಇಳಿದಿತ್ತು, ಬಟ್ಟಲಿನ ಒಳಗೋಡೆಯ ಮೇಲೆ ಒದ್ದೆ ಗೆರೆ ಹಾಗೇ ಇತ್ತು. ಹಿಂದಿನ ವರ್ಷ ಪಾಪದ ಮರ ಬಾಯಾರಿ ನಿಂತಿತ್ತು ಅಂತ ಆಗ ಹೊಳೆಯಿತು. ಬೇರು ಹೋದರೂ ಎಲೆಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಹೋದಷ್ಟನ್ನು ಕೆಳಗಿನಿಂದ ಎಳೆದುಕೊಳ್ಳದೆ ಅದಕ್ಕೆ ಬೇರೆ ದಾರಿಯೇ ಇಲ್ಲ, ಅಲ್ವಾ?

ಮೊದಲ ವಾರ ಬೆಳಿಗ್ಗೆ ಸಂಜೆ ಎರಡು ಹೊತ್ತು ನೋಡಿ. ಆಮೇಲೆ ಕುಡಿಯುವುದು ತಾನಾಗಿ ಕಮ್ಮಿಯಾಗುತ್ತದೆ. ನೀರಿನ ಮಟ್ಟ ಬುಡದ ಕೊಯ್ದ ಬಾಯಿಗಿಂತ ಕೆಳಗೆ ಇಳಿಯಲೇಬಾರದು. ಇಳಿದು ಹೊತ್ತಾಯಿತೋ, ಅಲಂಕಾರ ಎಲ್ಲ ಬಿಚ್ಚಿ ಮತ್ತೆ ಗರಗಸ ಹಿಡಿಯಬೇಕು. ಸಕ್ಕರೆ ಹಾಕಿ, ಆಸ್ಪಿರಿನ್ ಹಾಕಿ, ಸೋಡಾ ಹಾಕಿ ಅಂತ ಹೇಳುವವರು ಬಹಳ. ಏನೂ ಬೇಡ. ನಲ್ಲಿ ನೀರು ಸಾಕು, ಬಿಸಿ ಮಾಡುವುದೂ ಬೇಡ. ನಮ್ಮ ಬೆಕ್ಕು ಆ ಬಟ್ಟಲಿಗೇ ಬಾಯಿ ಹಾಕುತ್ತದೆ. ಏನೂ ಬೆರೆಸದಿರುವುದಕ್ಕೆ ನನಗೆ ಅದೊಂದೇ ಕಾರಣ ಸಾಕು.

ಹೀಟರ್, ಬೆಂಕಿಗೂಡು, ಬಿಸಿಲು ಬೀಳುವ ಕಿಟಕಿ, ಈ ಮೂರರಿಂದ ಮರ ದೂರ ಇರಲಿ. ಕೋಣೆ ತಂಪಾಗಿದ್ದಷ್ಟೂ ಒಳ್ಳೆಯದು. ದೀಪಕ್ಕೆ ಎಲ್‌ಇಡಿ ಸರವೇ ಹಾಕಿ, ಹೆಚ್ಚು ಬಿಸಿಯಾಗುವುದಿಲ್ಲ. ಮರಕ್ಕೆ ಮೊದಲು ವಿದ್ಯುತ್ ದೀಪ ಹಾಕಿದವರು ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್, 1882ರಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ. ಅದಕ್ಕೂ ಮುಂಚೆ ಜನ ರಾಳ ತುಂಬಿದ ಕೊಂಬೆಗಳ ಮೇಲೆ ಉರಿಯುವ ಮೇಣದ ಬತ್ತಿ ಇಡುತ್ತಿದ್ದರು. ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಮಲಗುವಾಗ, ಹೊರಗೆ ಹೋಗುವಾಗ ನಮ್ಮಲ್ಲಿ ಸ್ವಿಚ್ ಆಫ್. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಕೈಗೆ ಅಂಟಿದ ರಾಳ ಸೋಪಿಗೆ ಹೋಗುವುದಿಲ್ಲ. ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು. ಕೆಲವು ಸಲ ಕಪ್ಪು ಬಣ್ಣದ ಪುಟ್ಟ ಗಿಡಹೇನುಗಳು ಕೊಂಬೆಯಲ್ಲಿ ಕಾಣಿಸಿಕೊಳ್ಳುತ್ತವೆ. ಬೆರಳಲ್ಲಿ ಒತ್ತಬೇಡಿ, ಗೋಡೆ ಬಟ್ಟೆಗೆಲ್ಲ ಕಲೆಯಾಗುತ್ತದೆ. ಮನುಷ್ಯರಿಗೆ ಅವುಗಳಿಂದ ತೊಂದರೆಯಿಲ್ಲ. ತರುವ ಮುಂಚೆ ಮರವನ್ನು ಹೊರಗಡೆ ಚೆನ್ನಾಗಿ ಅಲ್ಲಾಡಿಸಿದರೆ ಮುಕ್ಕಾಲು ಪಾಲು ಅಲ್ಲೇ ಉದುರುತ್ತವೆ.

ಮರ ನೀರು ಕುಡಿಯುವುದನ್ನು ಪೂರ್ತಿ ನಿಲ್ಲಿಸಿ, ಕೊಂಬೆ ಬಾಗಿಸಿದರೆ ಲಟಕ್ಕೆಂದು ಮುರಿಯುವ ಹಾಗಾದರೆ ಹೊರಗೆ ಹಾಕುವ ಹೊತ್ತಾಯಿತು. ಹಬ್ಬ ಇನ್ನೂ ಎರಡು ದಿನ ಇದೆ ಅಂತ ಕಾಯಬೇಡಿ. ಮೊದಲು ಬಟ್ಟಲಿನ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ಇಲ್ಲದಿದ್ದರೆ ಎತ್ತಿದ ಕೂಡಲೇ ಕಾರ್ಪೆಟ್ ಮೇಲೆ ಸುರಿಯುತ್ತದೆ. ನನ್ನ ಕಾರ್ಪೆಟ್ಟಿನ ಮೇಲೆ ಆ ಕಲೆ ಇನ್ನೂ ಇದೆ. ಮರಕ್ಕೆ ಹಳೇ ಬೆಡ್‌ಶೀಟ್ ಸುತ್ತಿ, ಬುಡ ಮುಂದಾಗಿ ಬಾಗಿಲಿನಿಂದ ಎಳೆಯುತ್ತೇನೆ. ಬಿದ್ದ ಎಲೆ ಪೊರಕೆಯಿಂದಲೇ ಗುಡಿಸಬೇಕು, ವ್ಯಾಕ್ಯೂಮ್ ಕ್ಲೀನರ್ ಪೈಪ್ ಕಟ್ಟಿಕೊಳ್ಳುತ್ತದೆ. ಬೆಂಕಿಗೂಡಿಗಂತೂ ಹಾಕಲೇಬೇಡಿ. ರಾಳ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಕೊಂಬೆಗಳನ್ನು ಕತ್ತರಿಸಿ ತೋಟದ ಗಿಡಗಳ ಬುಡಕ್ಕೆ ಹೊದಿಸುತ್ತೇನೆ, ಚಳಿಗೆ ಕಂಬಳಿ ಇದ್ದ ಹಾಗೆ. ಕಾಂಡ ಮೂಲೆಯಲ್ಲಿ ಒಣಗುತ್ತಿರುತ್ತದೆ. ಕಳೆದ ವರ್ಷದ್ದಕ್ಕೆ ಈಗ ಮಗಳ ಅವರೆ ಬಳ್ಳಿ ಹಬ್ಬಿದೆ.