ಫಾರ್ಮ್ಯಾಟ್ ಮಾಡದೆ ಉಬುಂಟು ವಾಪಸ್ ತಂದದ್ದು

ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಂಗಿ ಮಗ ಫೋನ್ ಮಾಡಿ, "ಮಾವ, ಉಬುಂಟು ಹೊಂಟೋಯ್ತು. ಆನ್ ಮಾಡಿದ್ರೆ ಸೀದಾ ವಿಂಡೋಸ್‌ಗೇ ಹೋಯ್ತದೆ. ಅಂಗ್ಡೀಲಿ ಫಾರ್ಮ್ಯಾಟ್ ಮಾಡ್ಬೇಕು ಅಂತಾವ್ರೆ" ಅಂದ. ಅವನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಮ್) ಕೂಡ ಇತ್ತು, ಪ್ರಾಜೆಕ್ಟ್ ಕೆಲಸವೆಲ್ಲ ಅದರಲ್ಲೇ ಇತ್ತು. ಏನೂ ಮುಟ್ಟದೆ ಲ್ಯಾಪ್‌ಟಾಪ್ ತಗೊಂಡು ಮೈಸೂರಿಗೆ ಬಾ ಅಂದೆ.

ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಹೀಗಾಗಿತ್ತು. ಮೊದಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ಲಿನಕ್ಸ್ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಉಬುಂಟು ಇರುವ ಭಾಗ, ಡ್ರೈವ್ ಅಕ್ಷರವಿಲ್ಲದೆ ಹಾಗೇ ಇತ್ತು. ಅಲ್ಲಿಗೆ ಅರ್ಧ ಚಿಂತೆ ಕಳೆಯಿತು. ಲ್ಯಾಪ್‌ಟಾಪ್ ಆನ್ ಆದಾಗ ಯಾವುದನ್ನು ಮೊದಲು ಎಬ್ಬಿಸಬೇಕು ಅನ್ನುವ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿರುತ್ತದೆ, ಹಾರ್ಡ್ ಡಿಸ್ಕಿನಲ್ಲಲ್ಲ. ಆ ಪಟ್ಟಿಯಿಂದ ಉಬುಂಟು ಹೆಸರು ಅಳಿಸಿಹೋಗಿತ್ತು, ಅಷ್ಟೇ. ಇಷ್ಟಕ್ಕೆ ಫಾರ್ಮ್ಯಾಟ್ ಮಾಡಿಸಿಕೊಂಡು ವರ್ಷದ ಕೆಲಸ ಕಳೆದುಕೊಂಡ ಹುಡುಗರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಬೂಟ್ ವಿಷಯಕ್ಕೆ ಕೈಹಾಕುವ ಮುಂಚೆ ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯೇ ನೋಡಲೇಬೇಕು. ಅವನದರಲ್ಲಿ ಇತ್ತು. 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆಸಿದೆ. ನಂಬಿಕಸ್ಥ ಸಹಿ ಇರುವ ಫೈಲುಗಳನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ ಆ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಕೈಗೆ ಸಿಗುವುದಿಲ್ಲ.

ಆಮೇಲೆ ಉಬುಂಟು ಪೆನ್‌ಡ್ರೈವ್ ಹಾಕಿ 'ಟ್ರೈ ಉಬುಂಟು' (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸುವುದು) ಆರಿಸಿದೆ. ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಿ (ತೆರೆದು) ನೋಡಿದರೆ ಉಬುಂಟು ಫೋಲ್ಡರ್, ಅದರೊಳಗಿನ ಶಿಮ್ ಫೈಲ್ (ಸೆಕ್ಯೂರ್ ಬೂಟ್ ಒಪ್ಪುವ ಪುಟ್ಟ ಬೂಟ್ ಫೈಲ್) ಎರಡೂ ಸರಿಯಾಗಿದ್ದವು. ಇಎಫ್‌ಐ ಬೂಟ್ ಮ್ಯಾನೇಜರ್ ಕಮಾಂಡ್‌ನಿಂದ ಆ ಶಿಮ್ ಫೈಲನ್ನೇ ತೋರಿಸುವ ಹೊಸ ಎಂಟ್ರಿ ಬರೆದೆ. ನೇರವಾಗಿ ಗ್ರಬ್ (ಯಾವ ಓಎಸ್ ಬೇಕೆಂದು ಮೆನು ತೋರಿಸಿ ಎಬ್ಬಿಸುವ ಪ್ರೋಗ್ರಾಮ್) ಫೈಲ್ ಕೊಟ್ಟರೆ ಸೆಕ್ಯೂರ್ ಬೂಟ್ ತಡೆಯುತ್ತದೆ. ಶಿಮ್ ಮೂಲಕವೇ ಹೋಗಬೇಕು. ರೀಸ್ಟಾರ್ಟ್ ಮಾಡಿದಾಗ ಉಬುಂಟು ಬಂತು, ಹುಡುಗನ ಮುಖಕ್ಕೂ ಕಳೆ ಬಂತು.

ಆದರೆ ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣಲಿಲ್ಲ. ಗ್ರಬ್ 2.06 ರಿಂದ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್ ಪ್ರೋಬರ್ ಮೊದಲೇ ಆಫ್ ಆಗಿರುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ 'ಅಪ್‌ಡೇಟ್ ಗ್ರಬ್' ಕೊಟ್ಟ ಮೇಲೆ ಎರಡೂ ಬಂದವು.

ಅವನಿಗೆ ಇನ್ನೊಂದು ಕಾಟವೂ ಇತ್ತು: ಉಬುಂಟು ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಲ್ಯಾಪ್‌ಟಾಪಿನ ಒಳಗಡಿಯಾರದಲ್ಲಿ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಉಬುಂಟುವನ್ನೂ ಸ್ಥಳೀಯ ಸಮಯಕ್ಕೆ ಒಪ್ಪಿಸಿದೆ. ಹಾಗೆ ಮಾಡಿದರೆ ತೊಂದರೆಯಾದೀತು ಎಂದು ಅದು ಎಚ್ಚರಿಸುತ್ತದೆ, ನಿಜ. ಆ ತೊಂದರೆ ಮುಖ್ಯವಾಗಿ ಬೇಸಿಗೆ–ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳದ್ದು. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ.

ಡಿ ಡ್ರೈವ್‌ಗೆ ಉಬುಂಟುವಿನಿಂದ ಫೈಲ್ ಹಾಕಲು ಆಗದಿದ್ದುದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡ್ರೈವ್ ಹಿಡಿದುಕೊಂಡೇ ಇರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆಸಿದೆ. ತೆಗೆಯಲು ಇಷ್ಟವಿಲ್ಲದವರು ಉಬುಂಟುವಿಗೆ ಬರುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿದರೂ ನಡೆಯುತ್ತದೆ.